ಥಾಯ್ಲೆಂಡಿನಲ್ಲಿ ಮೊದಲ ಇಂಗ್ಲಿಷ್ ಕ್ಲಾಸು

ಪ್ರಶ್ನೆ: ಮುಂದಿನ ತಿಂಗಳು ಥಾಯ್ಲೆಂಡಿನ ಪ್ರೈಮರಿ ಶಾಲೆಗೆ ಇಂಗ್ಲಿಷ್ ಟೀಚರ್ ಆಗಿ ಹೋಗುತ್ತಿದ್ದೇನೆ. ಥಾಯ್ ಭಾಷೆ ಬರುವುದಿಲ್ಲ. ಮೊದಲ ಕ್ಲಾಸಿನಲ್ಲಿ ಏನು ಮಾಡಲಿ?
– ಓದುಗಿ, ಸಕಲೇಶಪುರ

ಉತ್ತರ: ಭಾಷೆ ಬರದಿದ್ದರೂ ಚಿಂತೆ ಬೇಡಮ್ಮ. ಮೊದಲ ದಿನ ವ್ಯಾಕರಣ ಖಂಡಿತ ಬೇಡ. ‘ಸ್ಟ್ಯಾಂಡ್ ಅಪ್’, ‘ಸಿಟ್ ಡೌನ್’, ‘ಜಂಪ್’ ಅಂತ ಹೇಳುತ್ತಾ ನೀವೇ ಎದ್ದು, ಕೂತು, ಹಾರಿ ತೋರಿಸಿ, ಮಕ್ಕಳು ನೋಡಿಕೊಂಡೇ ಅರ್ಥ ಮಾಡಿಕೊಳ್ಳುತ್ತಾರೆ, ಆಮೇಲೆ ಅವರೇ ನಿಮಗೆ ಹೇಳಿ ಮಾಡಿಸಲಿ. ಒಂದೇ ಮಗುವನ್ನು ನಿಲ್ಲಿಸಿ ಮಾತಾಡಿಸಬೇಡಿ, ನಾಚಿಕೊಂಡರೆ ಬಾಯಿ ಬಿಡುವುದೇ ಇಲ್ಲ. ಎಲ್ಲರೂ ಒಟ್ಟಿಗೆ ಹೇಳಲಿ. ಥಾಯ್ ಪದಗಳ ಕೊನೆಯಲ್ಲಿ ‘ಸ್’ ಸದ್ದು ಇರುವುದಿಲ್ಲ, ಹಾಗಾಗಿ ‘ಬಸ್’ ಅನ್ನುವುದು ‘ಬಟ್’ ಥರ ಕೇಳಿಸಬಹುದು. ಅವತ್ತೇ ತಿದ್ದುವ ಆತುರ ಬೇಡ. ಇನ್ನೊಂದು ವಿಷಯ, ಇದು ತುಂಬಾ ಮುಖ್ಯ: ನಮ್ಮ ಕಡೆ ಪ್ರೀತಿಯಿಂದ ತಲೆ ಸವರುತ್ತೇವೆ ಅಲ್ವಾ, ಅಲ್ಲಿ ತಲೆ ಮುಟ್ಟುವುದು ಅಗೌರವ.