ಹಸಿರಾದ ಬೆಳ್ಳುಳ್ಳಿ, ಇರಾನಿನ ತೊರ್ಶಿ

ಪ್ರಶ್ನೆ: ದುಬೈನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ, ಅವಳ ನೆರೆಯ ಇರಾನಿ ಕುಟುಂಬದವರು ಕೊಟ್ಟ ಕಪ್ಪನೆಯ ಬೆಳ್ಳುಳ್ಳಿ ಉಪ್ಪಿನಕಾಯಿ ಬಹಳ ರುಚಿಸಿತು. ಊರಿಗೆ ಬಂದು ನಾನೂ ಬೆಳ್ಳುಳ್ಳಿ ಸುಲಿದು ಗಾಜಿನ ಭರಣಿಯಲ್ಲಿ ವಿನೆಗರ್ ತುಂಬಿ ಹಾಕಿಟ್ಟೆ. ಎಂಟು ದಿನಕ್ಕೇ ಎಸಳುಗಳು ಹಸಿರುಮಿಶ್ರಿತ ನೀಲಿ ಬಣ್ಣಕ್ಕೆ ತಿರುಗಿವೆ. ಚೆಲ್ಲಬೇಕೆ? ಮೇಲೆ ಎಣ್ಣೆ ಹಾಕದಿದ್ದುದೇ ತಪ್ಪೆಂದು ನಮ್ಮ ಅತ್ತಿಗೆ ಹೇಳುತ್ತಾರೆ.
– ಓದುಗರೊಬ್ಬರು, ದಾವಣಗೆರೆ

ಉತ್ತರ: ದಯವಿಟ್ಟು ಚೆಲ್ಲಬೇಡಿ. ಬೆಳ್ಳುಳ್ಳಿಯಲ್ಲಿರುವ ಗಂಧಕದ ಸಂಯುಕ್ತಗಳು ಹುಳಿಯ ಸಂಪರ್ಕದಲ್ಲಿ ಅಮೈನೋ ಆಮ್ಲಗಳೊಂದಿಗೆ ಸೇರಿದಾಗ ಹುಟ್ಟುವ ಬಣ್ಣ ಅದು. ಫ್ರಿಜ್‌ನಲ್ಲಿಟ್ಟ ಬೆಳ್ಳುಳ್ಳಿಯಾಗಿದ್ದರೆ ಇನ್ನೂ ಗಾಢವಾಗಿ ಕಾಣುತ್ತದೆ. ಅದರಿಂದ ಹಾನಿಯೇನೂ ಇಲ್ಲ. ಬೂಸು ಹಿಡಿದರೆ ಅಥವಾ ಕೊಳೆತ ವಾಸನೆ ಬಂದರೆ ಮಾತ್ರ ಎಸೆಯಬೇಕು.

ನೀವು ತಿಂದದ್ದು 'ಸೀರ್ ತೊರ್ಶಿ'. ಫಾರಸಿಯಲ್ಲಿ 'ಸೀರ್' ಎಂದರೆ ಬೆಳ್ಳುಳ್ಳಿ, 'ತೊರ್ಶ್' ಎಂದರೆ ಹುಳಿ. ಅದರ ಕಪ್ಪು ಬಣ್ಣ ಮಸಾಲೆಯಿಂದ ಬಂದದ್ದಲ್ಲ, ಕಾಲದಿಂದ ಬಂದದ್ದು: ಎಸಳುಗಳು ವರ್ಷ ಕಳೆದಂತೆ ಕಂದಾಗಿ, ಖಾರ ಕಳೆದುಕೊಂಡು, ಬಾಯಲ್ಲಿ ಕರಗುವಷ್ಟು ಮೆತ್ತಗಾಗುತ್ತವೆ. ಏಳು ವರ್ಷ ಹಳೆಯದಕ್ಕೆ ಇರಾನಿನಲ್ಲಿ ವಿಶೇಷ ಮರ್ಯಾದೆ. ಎಂಟನೆಯ ದಿನವೇ ಮುಚ್ಚಳ ತೆಗೆದ ನಿಮ್ಮ ಆತುರ ನನಗೆ ಅರ್ಥವಾಗುತ್ತದೆ, ಆದರೆ ಈ ಪದಾರ್ಥಕ್ಕೆ ಅದು ಒಗ್ಗುವುದಿಲ್ಲ.

ಇನ್ನು ಎಣ್ಣೆಯ ಮಾತು. ನಮ್ಮ ಮಾವಿನಕಾಯಿ ಉಪ್ಪಿನಕಾಯಿಯನ್ನು ಕಾಯುವುದು ಮುಖ್ಯವಾಗಿ ಉಪ್ಪು ಮತ್ತು ಕಾಯಿಯದೇ ಹುಳಿ. ಎಣ್ಣೆ ಮೇಲಿನ ಗಾಳಿಯನ್ನು ತಡೆಯುತ್ತದೆ, ಅಷ್ಟೆ. ತೊರ್ಶಿಯಲ್ಲಿ ಆ ಕೆಲಸವೆಲ್ಲ ವಿನೆಗರ್‌ನದು, ಹಾಗಾಗಿ ಎಣ್ಣೆ ಬೇಕಿಲ್ಲ. ಹುಳಿಯಿಲ್ಲದೆ ಬರೀ ಎಣ್ಣೆಯಲ್ಲಿ ಹಸಿ ಬೆಳ್ಳುಳ್ಳಿಯನ್ನು ಮುಳುಗಿಸಿ ಹೊರಗಿಡುವುದಂತೂ ಅಪಾಯಕರ, ಏಕೆಂದರೆ ಬೊಟುಲಿಸಂ ಎಂಬ ಮಾರಕ ಆಹಾರವಿಷಬಾಧೆ ತರುವ ಬ್ಯಾಕ್ಟೀರಿಯಾ ಬೆಳೆಯುವುದು ಗಾಳಿಯಾಡದ, ಹುಳಿ ಕಡಿಮೆಯಿರುವ ಇಂಥ ಜಾಗದಲ್ಲೇ. ಅತ್ತಿಗೆಯವರಿಗೆ ಇದನ್ನು ಮೆಲ್ಲಗೆ ತಿಳಿಸಿ.

ಪ್ರಶ್ನೆ: ಇರಾನಿನವರು ಎಲ್ಲ ತರಕಾರಿಗಳನ್ನೂ ಹೀಗೆ ವಿನೆಗರ್‌ನಲ್ಲೇ ಹಾಕುತ್ತಾರೆಯೇ?
– ಅದೇ ಓದುಗರು

ಉತ್ತರ: ಇಲ್ಲ. ಉಪ್ಪುನೀರಿನಲ್ಲಿ ಹಾಕಿಡುವುದಕ್ಕೆ 'ಶೂರ್' ಎಂಬ ಬೇರೆ ಹೆಸರಿದೆ. ಎಳೆ ಸೌತೆಕಾಯಿಯ 'ಖಿಯಾರ್ ಶೂರ್' ಅದರಲ್ಲಿ ಹೆಸರಾದದ್ದು. ಉಪ್ಪುನೀರಿನಲ್ಲಿ ಮಾವಿನ ಮಿಡಿ ಹಾಕುವ ಮಲೆನಾಡಿನವರಿಗೆ ಈ ಕ್ರಮ ಹೊಸದೆನಿಸದು. ತೊರ್ಶಿಯಲ್ಲಿ ಬದನೆಕಾಯಿಯ 'ಲೀತೆ' ನನಗೆ ಅತಿ ಪ್ರಿಯ. ಬೇಯಿಸಿದ ಬದನೆಕಾಯಿಯನ್ನು ನುಣ್ಣಗೆ ಕೊಚ್ಚಿ, ಸಣ್ಣಗೆ ಹೆಚ್ಚಿದ ಗಜ್ಜರಿ, ಹೂಕೋಸು, ಸೊಪ್ಪುಗಳೊಂದಿಗೆ ವಿನೆಗರ್‌ನಲ್ಲಿ ಕಲಸಿ, ಕೃಷ್ಣಜೀರಿಗೆಯನ್ನೂ 'ಗೋಲ್‌ಪರ್' ಎಂಬ ಗಿಡದ ಚಪ್ಪಟೆಯಾದ, ಪರಿಮಳದ ಬೀಜದ ಪುಡಿಯನ್ನೂ ಸೇರಿಸುತ್ತಾರೆ. ಗೋಲ್‌ಪರ್ ನಮ್ಮಲ್ಲಿ ಸುಲಭವಾಗಿ ಸಿಗದು; ಬಿಟ್ಟರೂ ತೊರ್ಶಿಯಾಗುತ್ತದೆ, ಪರಿಮಳ ಮಾತ್ರ ಬೇರೆಯಾಗುತ್ತದೆ.

ಕ್ಯಾಸ್ಪಿಯನ್ ತೀರದ ಗೀಲಾನ್‌ನಲ್ಲಿ ಸೊಪ್ಪುಗಳೇ ಹೆಚ್ಚಿರುವ 'ಹಫ್ತ್ ಬೀಜಾರ್' ಮಾಡುತ್ತಾರೆ. ದಕ್ಷಿಣದ ಬಂದರು ಪಟ್ಟಣಗಳ ತೊರ್ಶಿಯಲ್ಲಿ ಖಾರ ಜಾಸ್ತಿ. ಯಾವುದನ್ನೇ ಮಾಡಿದರೂ ತೊಳೆದ ತರಕಾರಿಯನ್ನು ಬಟ್ಟೆಯ ಮೇಲೆ ಹರವಿ ನೀರಿನ ಪಸೆ ಪೂರ್ತಿ ಆರಿಸಿ, ಶೇ 5ರಷ್ಟು ಆಮ್ಲವಿರುವ ವಿನೆಗರ್‌ಗೆ ನೀರು ಬೆರೆಸದೆ, ತರಕಾರಿ ಮುಳುಗುವವರೆಗೆ ಸುರಿಯಿರಿ.