ತಂಬುಳಿ ತಿಂದರೆ ಸಿಗರೇಟಿನ ಲೆಕ್ಕ ಚುಕ್ತಾ ಆಗುತ್ತಾ?

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ನನ್ನ ಹತ್ತಿರ ಸಲಹೆ ಕೇಳಲು ಬಂದಿದ್ದ ಅವರು ಚಿಕ್ಕಮಗಳೂರಿನ ಹತ್ತಿರ ಎಸ್ಟೇಟ್ ರೈಟರ್, ಅಂದರೆ ತೋಟದ ಲೆಕ್ಕ, ಆಳುಗಳ ಕೆಲಸ ನೋಡಿಕೊಳ್ಳುವವರು. ವಯಸ್ಸು 46, ದಿನಕ್ಕೆ 15 ಸಿಗರೇಟು. ಅಪ್ಪನಿಗೆ ಲಕ್ವ ಹೊಡೆದಾಗಿನಿಂದ ಭಯ. ಈಚೆಗೆ ಮರೆವೂ ಜಾಸ್ತಿ. ಮನೆಯವರು ದಿನಾ ಒಂದೆಲಗದ ತಂಬುಳಿ, ಬೆಟ್ಟದ ನೆಲ್ಲಿಕಾಯಿ, ಅರಿಶಿನದ ಹಾಲು ಕೊಡುತ್ತಿದ್ದರು. ಇವರು ಬೀಟಾ ಕ್ಯಾರೋಟಿನ್ (ಕ್ಯಾರೆಟ್ಟಿನಲ್ಲಿರುವ, ಮೈಯಲ್ಲಿ ವಿಟಮಿನ್ ಎ ಆಗುವ ಅಂಶ) ಮಾತ್ರೆಯನ್ನೂ ತರಿಸಿಕೊಂಡಿದ್ದರು.

"ಇಷ್ಟೆಲ್ಲ ತಿಂದರೆ ಮಿದುಳಿಗೆ ಏನೂ ಆಗಲ್ಲ ಅಲ್ವಾ ಮೇಡಂ?"

ಮೊದಲು ಆ ಮಾತ್ರೆ ನಿಲ್ಲಿಸಿ ಎಂದೆ. ಫಿನ್ಲೆಂಡಿನಲ್ಲಿ ಸಿಗರೇಟು ಸೇದುವ 29 ಸಾವಿರಕ್ಕೂ ಹೆಚ್ಚು ಗಂಡಸರ ಮೇಲೆ ನಡೆದ ಅಧ್ಯಯನದ ಫಲಿತಾಂಶ 1994ರಲ್ಲಿ ಬಂತು. ಬೀಟಾ ಕ್ಯಾರೋಟಿನ್ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಾಗಿತ್ತು. ಅವರ ಮುಖ ಸಪ್ಪಗಾಯಿತು.

"ಹಾಗಾದ್ರೆ ತಂಬುಳಿನೂ ಬಿಡಬೇಕಾ?"

ಬೇಡ, ಊಟದಲ್ಲಿ ಇರಲಿ. ಹೊಗೆ ಮೈಯಲ್ಲಿರುವ ವಿಟಮಿನ್ ಸಿ ಖಾಲಿ ಮಾಡುತ್ತದೆ. ಸೇದುವವರಿಗೆ ದಿನಕ್ಕೆ 35 ಮಿಲಿಗ್ರಾಂ ಹೆಚ್ಚೇ ಬೇಕು. ನೆಲ್ಲಿಕಾಯಿ, ಸೀಬೆಹಣ್ಣು ಅದನ್ನು ಕೊಡುತ್ತವೆ. ಆದರೆ ಹೊಗೆಯ ಕಾರ್ಬನ್ ಮಾನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿಯುತ್ತದೆ, ಮಿದುಳಿನ ರಕ್ತನಾಳ ಹಾಳಾಗುತ್ತದೆ. ಅದನ್ನು ತಡೆಯುವ ಶಕ್ತಿ ಯಾವ ಸೊಪ್ಪಿಗೂ ಇಲ್ಲ. ಸಿಗರೇಟು ಬಿಡಲೇಬೇಕು.

ಎರಡು ಸಲ ಬಿಟ್ಟಿದ್ದರಂತೆ. ಎರಡು ಸಲವೂ ಕೈ ನಡುಕ, ಎದೆ ಡವಡವ, ನಿದ್ದೆ ಇಲ್ಲ. ವಾರದೊಳಗೆ ಮತ್ತೆ ಶುರು. ದಿನಕ್ಕೆ ಎಷ್ಟು ಕಾಫಿ ಎಂದು ಕೇಳಿದೆ. ಏಳು ಲೋಟ!

ನನಗೆ ಅಲ್ಲೇ ದಾರಿ ಕಂಡಿತು. ಸೇದುವವರ ಲಿವರ್ ಕಾಫಿಯಲ್ಲಿರುವ ಕೆಫೀನನ್ನು ಬಹಳ ಬೇಗ ಕರಗಿಸುತ್ತದೆ. ಸಿಗರೇಟು ಬಿಟ್ಟ ಕೆಲವೇ ದಿನಗಳಲ್ಲಿ ಆ ವೇಗ ಇಳಿಯುತ್ತದೆ. ಆಗ ಅದೇ ಏಳು ಲೋಟ ಮೈಗೆ ಹೆಚ್ಚುಕಡಿಮೆ ಎರಡರಷ್ಟಾಗಿ ಕಾಡುತ್ತದೆ. ಪಾಪ, ಎಲ್ಲ ನಡುಕವೂ ಸಿಗರೇಟಿನ ಚಟದ್ದೇ ಅಂದುಕೊಂಡಿದ್ದರು.

ಸಿಗರೇಟು ಬಿಡಲು ಒಂದು ದಿನ ಗೊತ್ತು ಮಾಡಿಕೊಂಡೆವು. ಅಂದಿನಿಂದಲೇ ಕಾಫಿ ಅರ್ಧ. ಡಾಕ್ಟರಿಗೆ ಬಿಪಿ ತೋರಿಸಿ, ಮರೆವಿನ ವಿಷಯವನ್ನೂ ಹೇಳಿ, ಸಿಗರೇಟಿನ ಬಯಕೆ ತಗ್ಗಿಸುವ ನಿಕೋಟಿನ್ ಗಮ್ ಕೇಳಲು ಹೇಳಿದೆ. ಅದನ್ನು ಚೂಯಿಂಗ್ ಗಮ್ ಥರ ಸುಮ್ನೆ ಜಗಿಯಬಾರದು. ಬಾಯಲ್ಲಿ ಚುರುಚುರು ಅಂದಾಗ ಕೆನ್ನೆಯ ಒಳಗೆ ಒತ್ತಿಟ್ಟುಕೊಳ್ಳಬೇಕು. ಗಮ್ ಬಾಯಿಗೆ ಹಾಕಿಕೊಳ್ಳುವ ಮುಂಚೆ 15 ನಿಮಿಷ ಕಾಫಿ ಕುಡಿಯಬಾರದು. ತಡೆಯೋಕೇ ಆಗದಿದ್ದರೆ ತಂಬಾಕು ಬಿಡಿಸುವ ರಾಷ್ಟ್ರೀಯ ಸಹಾಯವಾಣಿ 1800-11-2356ಕ್ಕೆ ಫೋನ್ ಮಾಡಿ, ದುಡ್ಡು ಬೀಳುವುದಿಲ್ಲ ಎಂದೆ. ಮನೆಯವರಿಗೆ ಹೇಳಿದ್ದು ಒಂದೇ: ಎಡವಿದರೆ ಗದರಬೇಡಿ.

ಆರನೇ ವಾರ ಇಬ್ಬರೂ ಬಂದರು. ಒಂದು ತಿಥಿಮನೆಯಲ್ಲಿ ಎರಡು ಸೇದಿದ್ದರಂತೆ. ಆ ರಾತ್ರಿಯೇ ಅವರೇ ಮನೆಯಲ್ಲಿ ಹೇಳಿಕೊಂಡಿದ್ದಾರೆ. ಆಮೇಲೆ ಮುಟ್ಟಿಲ್ಲ. ಕಾಫಿ ಮೂರು ಲೋಟಕ್ಕೆ ಬಂದಿದೆ.