ಹಳೇ ಕೋರ್ 2 ಡ್ಯುಯೋ ಪೀಸಿಯನ್ನು ಮನೆ ಸರ್ವರ್ ಮಾಡಬೇಕು. ಡೆಬಿಯನ್, ಉಬುಂಟು, ಟ್ರೂನ್ಯಾಸ್, ಇವುಗಳಲ್ಲಿ ಯಾವುದು ಹಾಕಲಿ?

ಕೋರ್ 2 ಡ್ಯುಯೋ, 4 ಜಿಬಿ ರ‍್ಯಾಮ್, ಒಂದು ಡಿಸ್ಕಿನಲ್ಲಿ ಫೋಟೋ, ಇನ್ನೊಂದರಲ್ಲಿ ಅದರ ಬ್ಯಾಕಪ್. ನೀವು ಕೊಟ್ಟ ಈ ಪಟ್ಟಿ ಓದಿದರೆ ನನ್ನ ಹಳೇ ಡಬ್ಬದ ಮುಚ್ಚಳ ತೆಗೆದು ನೋಡಿದ ಹಾಗಾಯಿತು. ನಾನೂ ಓಎಸ್ (ಆಪರೇಟಿಂಗ್ ಸಿಸ್ಟಮ್) ಆರಿಸೋದರಲ್ಲೇ ಮೂರು ವಾರ ಕಳೆದೆ. ಆಮೇಲೆ ಫೋಟೋ ಹೋಗಿದ್ದು ಓಎಸ್‌ನಿಂದಲ್ಲ, ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ (ಬೂಟ್ ಆಗುವಾಗ ಯಾವ ಡಿಸ್ಕನ್ನು ಯಾವ ಫೋಲ್ಡರ್‌ಗೆ ಜೋಡಿಸಬೇಕೆಂಬ ಪಟ್ಟಿ) ನಾನೇ ಬರೆದ ಒಂದು ಪದದಿಂದ: ನೋಫೇಲ್, ಅಂದರೆ ಡಿಸ್ಕ್ ಸಿಗದಿದ್ದರೂ ಬೂಟ್ ನಿಲ್ಲಿಸಬೇಡ.

ಮಾನಿಟರ್ ಇಲ್ಲದ ಸರ್ವರ್. ಡೇಟಾ ಡಿಸ್ಕ್ ಸಿಗದಿದ್ದರೆ ಡೆಬಿಯನ್ ಒಂದೂವರೆ ನಿಮಿಷ ಕಾದು, ಎಮರ್ಜೆನ್ಸಿ ಮೋಡ್‌ಗೆ ಹೋಗಿ, ರೂಟ್ ಪಾಸ್‌ವರ್ಡ್ ಕೇಳುತ್ತಾ ಕೂರುತ್ತದೆ. ಪ್ರತಿ ಸಲ ಮಾನಿಟರ್ ಹೊತ್ತು ತರೋದು ಯಾರು? ನೋಫೇಲ್ ಸೇರಿಸಿದೆ. ಈಗ ಡಿಸ್ಕ್ ಇಲ್ಲದಿದ್ದರೂ ಬೂಟ್ ಆಗುತ್ತದೆ. ಆದರೆ ಆಗ ಫೋಟೋ ಫೋಲ್ಡರ್ ಅನ್ನೋದು ಓಎಸ್ ಇರುವ ಎಸ್‌ಎಸ್‌ಡಿ ಮೇಲಿನ ಬರೀ ಖಾಲಿ ಫೋಲ್ಡರ್.

ಒಂದು ಸಂಜೆ ಮಳೆಗೆ ಕರೆಂಟ್ ಹತ್ತು ನಿಮಿಷದಲ್ಲಿ ಮೂರು ಸಲ ಹೋಗಿ ಬಂತು. ಮೂರನೇ ಸಲ ಫೋಟೋ ಡಿಸ್ಕ್ ತಿರುಗಲೇ ಇಲ್ಲ. ಸರ್ವರ್ ಮಾತ್ರ ಎದ್ದಿತು, ಪಿಂಗ್‌ಗೆ ಉತ್ತರ ಕೊಟ್ಟಿತು, ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್ ಕೂಡ ಸರಿ. ರಾತ್ರಿ 2ಕ್ಕೆ ಕ್ರಾನ್ (ಹೊತ್ತಿಗೆ ಸರಿಯಾಗಿ ಕಮಾಂಡ್ ಓಡಿಸುವ ವ್ಯವಸ್ಥೆ) ಪ್ರಕಾರ ಫೈಲ್ ನಕಲು ಮಾಡುವ ಆರ್‌ಸಿಂಕ್ ಓಡಿತು, ಡಿಲೀಟ್ ಆಯ್ಕೆಯ ಜೊತೆ. ಆ ಆಯ್ಕೆಯ ಅರ್ಥ: ಮೂಲದಲ್ಲಿ ಇಲ್ಲದ್ದನ್ನು ಬ್ಯಾಕಪ್‌ನಿಂದಲೂ ತೆಗೆ. ಮೂಲ ಖಾಲಿ. ಹಾಗಾಗಿ ಬ್ಯಾಕಪ್ ಕೂಡ ಖಾಲಿ.

ಆರ್‌ಸಿಂಕ್ ತಪ್ಪೇನೂ ಇಲ್ಲ. ಮೂಲ ಓದುವಾಗ ಐ-ಓ ಎರರ್ ಬಂದರೆ ಅದು ತಾನಾಗಿಯೇ ಅಳಿಸೋದನ್ನು ಕೈಬಿಡುತ್ತದೆ. ಆದರೆ ಖಾಲಿ ಫೋಲ್ಡರ್ ಎರರ್ ಅಲ್ಲವಲ್ಲ! ಬ್ಯಾಕಪ್ ಡಿಸ್ಕ್ ಮೇಲೆ, ಅಳಿದ ಫೈಲ್ ಹುಡುಕುವ ಫೋಟೋರೆಕ್ ಓಡಿಸಿದಾಗ ಕೆಲವು ಚಿತ್ರ ಸಿಕ್ಕವು, ಫೈಲಿನ ಹೆಸರಿಲ್ಲ, ಫೋಲ್ಡರ್ ಇಲ್ಲ. ವಿಡಿಯೋಗಳು ತುಂಡು ತುಂಡು.

ನೋಫೇಲ್ ಇರಲಿ, ತೆಗೆಯಬೇಡಿ. ಆದರೆ ಬ್ಯಾಕಪ್ ಸ್ಕ್ರಿಪ್ಟಿನ ಮೊದಲ ಸಾಲಿನಲ್ಲೇ ಮೌಂಟ್‌ಪಾಯಿಂಟ್ ಕಮಾಂಡಿನಿಂದ ಎರಡೂ ಡಿಸ್ಕ್ ಮೌಂಟ್ ಆಗಿವೆಯೇ (ತಮ್ಮ ಫೋಲ್ಡರ್‌ಗೆ ಜೋಡಣೆಯಾಗಿವೆಯೇ) ನೋಡಿ, ಇಲ್ಲದಿದ್ದರೆ ಅಲ್ಲೇ ಎಕ್ಸಿಟ್. ಎರಡೂ ಅಂದೆ, ಯಾಕೆಂದರೆ ಬ್ಯಾಕಪ್ ಡಿಸ್ಕ್ ಕೈಕೊಟ್ಟರೆ ಆರ್‌ಸಿಂಕ್ ಎಲ್ಲವನ್ನೂ ಎಸ್‌ಎಸ್‌ಡಿಗೆ ತುಂಬಿ ಓಎಸ್‌ನ ಉಸಿರು ಕಟ್ಟಿಸುತ್ತದೆ. ಡಿಸ್ಕ್ ಅನ್‌ಮೌಂಟ್ ಮಾಡಿ, ಆ ಖಾಲಿ ಫೋಲ್ಡರ್‌ಗೆ ಚ್ಯಾಟರ್ ಕಮಾಂಡಿನಿಂದ ಪ್ಲಸ್-ಐ ಗುರುತು ಹಾಕಿದರೆ ಅದರಲ್ಲಿ ಯಾವುದೂ ಬರೆಯಲಾಗದು. ಮೌಂಟ್ ಮಾಡೋದಕ್ಕೆ ಅಡ್ಡಿಯಿಲ್ಲ. ಆರ್‌ಸಿಂಕ್‌ಗೆ ಮ್ಯಾಕ್ಸ್-ಡಿಲೀಟ್ 50 ಎಂದು ಕೊಟ್ಟರೆ 50 ಫೈಲಿನ ನಂತರ ಅಳಿಸೋದು ನಿಂತು, ಆರ್‌ಸಿಂಕ್ 25 ಎಂಬ ಕೋಡ್ ಕೊಟ್ಟು ಹೊರಬರುತ್ತದೆ. ಎಫ್‌ಎಸ್‌ಟ್ಯಾಬ್‌ನಲ್ಲಿ ಡಿಸ್ಕನ್ನು ಯುಯುಐಡಿಯಿಂದಲೇ (ಅದರ ಬದಲಾಗದ ಗುರುತಿನ ಸಂಖ್ಯೆ) ಹೇಳಿ, ಎಸ್‌ಡಿಎ-ಎಸ್‌ಡಿಬಿ ಹೆಸರುಗಳು ಬೂಟ್‌ನಿಂದ ಬೂಟ್‌ಗೆ ಅದಲುಬದಲಾಗಬಹುದು.

ಇಷ್ಟೆಲ್ಲ ಮಾಡಿದರೂ ಅದು ಕನ್ನಡಿ, ಬ್ಯಾಕಪ್ ಅಲ್ಲ. ಇಂದು ತಪ್ಪಾಗಿ ಅಳಿಸಿದ್ದು ನಾಳೆ ಅಲ್ಲೂ ಇರುವುದಿಲ್ಲ. ರೆಸ್ಟಿಕ್ ಅಥವಾ ಬೋರ್ಗ್ ಎಂಬ ಬ್ಯಾಕಪ್ ಸಾಫ್ಟ್‌ವೇರ್ ಹಾಕಿ, ಹಳೇ ಆವೃತ್ತಿಗಳು ಉಳಿಯುತ್ತವೆ. ಮೂರನೇ ಪ್ರತಿ ಯುಎಸ್‌ಬಿ ಡಿಸ್ಕಿನಲ್ಲಿ, ಕೇಬಲ್ ಕಿತ್ತು ಬೀರುವಿನಲ್ಲಿ.

ಓಎಸ್ ಕೇಳಿದಿರಿ. ಡೆಬಿಯನ್ ಹಾಕಿ, ಇನ್‌ಸ್ಟಾಲ್ ಮಾಡುವಾಗ ಡೆಸ್ಕ್‌ಟಾಪ್ ಟಿಕ್ ತೆಗೆದು, ಎಸ್‌ಎಸ್‌ಎಚ್ ಸರ್ವರ್ ಮಾತ್ರ ಉಳಿಸಿ. ಟ್ರೂನ್ಯಾಸ್‌ಗೆ ಕನಿಷ್ಠ 8 ಜಿಬಿ ರ‍್ಯಾಮ್ ಬೇಕು, ನಿಮ್ಮಲ್ಲಿ ಅದರರ್ಧ. ಯಾರೋ ಆಲ್ಮಾಲಿನಕ್ಸ್ 9 ಅನ್ನುತ್ತಾರೆ, ನಂಬಬೇಡಿ: ಅದಕ್ಕೆ ಎಸ್‌ಎಸ್‌ಇ 4.2 ಎಂಬ ಸೂಚನಾಗುಚ್ಛ ಇರುವ ಪ್ರೊಸೆಸರ್ ಬೇಕು, ಕೋರ್ 2 ಡ್ಯುಯೋದಲ್ಲಿ ಅದಿಲ್ಲ, ಬೂಟೇ ಆಗದು. ಉಬುಂಟು ಸರ್ವರ್ ಓಡುತ್ತದೆ, ಆದರೆ ಸ್ನ್ಯಾಪ್ (ಅದರ ಆ್ಯಪ್ ಪ್ಯಾಕೇಜ್ ವ್ಯವಸ್ಥೆ) ಹೊರೆ ಈ ಯಂತ್ರಕ್ಕೆ ಯಾಕೆ? 64 ಬಿಟ್ ಇಮೇಜ್ ತೆಗೆದುಕೊಳ್ಳಿ. 32 ಬಿಟ್ ಇನ್‌ಸ್ಟಾಲರ್ ಡೆಬಿಯನ್ 13ರಲ್ಲಿ ಇಲ್ಲವೇ ಇಲ್ಲ. ಓಎಸ್ 120 ಜಿಬಿ ಎಸ್‌ಎಸ್‌ಡಿಗೆ, ಫೋಟೋ ಬೇರೆ ಡಿಸ್ಕಿಗೆ.

ಓಎಸ್‌ಗಿಂತ ಮೊದಲು ಮೂರು ಕೆಲಸ. ಮದರ್‌ಬೋರ್ಡಿನ ಸಿಆರ್2032 ಸೆಲ್ ಬದಲಿಸಿ, ಅದು ಸತ್ತಿದ್ದರೆ ಕರೆಂಟ್ ಹೋದಾಗಲೆಲ್ಲ ಬಯಾಸ್ ಸೆಟ್ಟಿಂಗ್ ಮರೆತುಹೋಗುತ್ತದೆ. ಡಿಸ್ಕ್‌ಗಳ ಸ್ಮಾರ್ಟ್ ವರದಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಲೆಕ್ಕ) ತೆಗೆದು, 5 ಮತ್ತು 197 ಎಂಬ ಗುರುತಿನ ಸಂಖ್ಯೆಯ, ಕೆಟ್ಟ ಜಾಗಗಳ ಲೆಕ್ಕ ಇರುವ ಸಾಲು ನೋಡಿ. ಅಲ್ಲಿ ಕೊನೆಯ ರಾ ವ್ಯಾಲ್ಯೂ ಕಾಲಮ್ಮಿನಲ್ಲಿ ಸೊನ್ನೆ ಬಿಟ್ಟು ಬೇರೆ ಸಂಖ್ಯೆ ಇದ್ದು, ಅದು ವಾರದಿಂದ ವಾರಕ್ಕೆ ಏರುತ್ತಿದ್ದರೆ ಆ ಡಿಸ್ಕ್ ಬೇಡ. ಮನೆಯ ಇನ್ವರ್ಟರ್‌ಗೆ ಪೀಸಿ ಕೊಟ್ಟಿದ್ದರೆ ಅದರ ಸ್ವಿಚ್ ಯುಪಿಎಸ್ ಮೋಡ್‌ನಲ್ಲಿರಲಿ, ಸಾಮಾನ್ಯ ಮೋಡ್‌ನಲ್ಲಿ ಬದಲಾಗುವಷ್ಟರಲ್ಲಿ ಪೀಸಿ ರೀಸ್ಟಾರ್ಟ್ ಆಗಬಹುದು. ಇನ್ನು ಬಿಲ್ಲು: ಗೋಡೆಯಿಂದ 60 ವ್ಯಾಟ್ ಎಳೆದರೆ ತಿಂಗಳಿಗೆ 43 ಯೂನಿಟ್.

ಎಲ್ಲ ಹಾಕಿದ ಮೇಲೆ, ನಿಜವಾದ ಫೋಟೋ ತುಂಬುವ ಮೊದಲು, ಹತ್ತು ಸುಳ್ಳು ಫೈಲ್ ಇಟ್ಟು ಒಂದು ಬ್ಯಾಕಪ್ ತೆಗೆಯಿರಿ. ಶಟ್‌ಡೌನ್ ಮಾಡಿ, ಫೋಟೋ ಡಿಸ್ಕಿನ ಸಾಟಾ ಕೇಬಲ್ ಕಿತ್ತು, ಮತ್ತೆ ಬೂಟ್ ಮಾಡಿ, ಸ್ಕ್ರಿಪ್ಟನ್ನು ಕೈಯಾರೆ ಓಡಿಸಿ. ಬ್ಯಾಕಪ್‌ನಲ್ಲಿ ಹತ್ತೂ ಇದ್ದರೆ ಕೇಬಲ್ ವಾಪಸ್ ಹಾಕಿ, ಫೋಟೋ ತುಂಬಿ. ಒಂಬತ್ತೇ ಇದ್ದರೆ ಸ್ಕ್ರಿಪ್ಟ್ ಇನ್ನೊಮ್ಮೆ ಬರೆಯಿರಿ.